ಕಂತಿನಲ್ಲಿ ಕೊಂಡ ಫೋನು ಕೆಟ್ಟರೆ

ಗೃಹಸ್ಥರ ನಿತ್ಯವ್ಯವಹಾರಕ್ಕೆ ಸಂಬಂಧಪಟ್ಟ ವಿಷಯಗಳನ್ನು ತಿಂಗಳು ತಿಂಗಳಿಗೂ ಈ ಪುಟದಲ್ಲಿ ವಿಚಾರಮಾಡುತ್ತ ಬಂದಿರುವೆವಷ್ಟೆ. ಈ ಸಾರಿ ಹಾಸನ ಜಿಲ್ಲೆಯ ವಾಚಕಿಯೊಬ್ಬರು ಬರೆದ ಕಾಗದವನ್ನು ಮುಂದಿಟ್ಟುಕೊಂಡು ನಾಲ್ಕು ಮಾತು ಬರೆಯಬೇಕೆಂದಿರುವೆವು. ಆಕೆ ಹೊಲಿಗೆಯ ಕೆಲಸದಿಂದ ಸಂಸಾರವನ್ನು ನಡಸತಕ್ಕವರು. ಮಗನ ಓದಿಗೂ, ಗಿರಾಕಿಗಳಿಂದ ಹಣ ಪಡೆಯುವುದಕ್ಕೂ ಬೇಕೆಂದು 18,000 ರೂಪಾಯಿ ಬೆಲೆಯ ಮೊಬೈಲ್ ಫೋನೊಂದನ್ನು ಕೊಂಡರಂತೆ. 3,000 ರೂಪಾಯಿಗಳನ್ನು ಕೈಯಿಂದ ಕೊಟ್ಟು, ಉಳಿದ 15,000 ರೂಪಾಯಿಗಳಿಗೆ ಅಂಗಡಿಯಲ್ಲಿಯೇ ಕುಳಿತಿದ್ದ ಸಾಲದ ಕಂಪೆನಿಯ ಗುಮಾಸ್ತನ ಮೂಲಕ ಹತ್ತು ಕಂತಿನ ಸಾಲವನ್ನು ಬರೆದುಕೊಟ್ಟರು. ಎರಡನೆಯ ತಿಂಗಳಲ್ಲಿಯೇ ಫೋನಿನ ಪರದೆ ಕಪ್ಪಾಗಿ ನಿಂತಿತು. ರಿಪೇರಿ ಕೇಂದ್ರದವರು ಎರಡು ಸಾರಿ ಇಟ್ಟುಕೊಂಡು ಹಿಂದಕ್ಕೆ ಕೊಟ್ಟರು. ಮೂರನೆಯ ಸಾರಿ, "ಒಳಗೆ ನೀರು ಹೋಗಿದೆ, ವಾರಂಟಿ ಸಲ್ಲದು" ಎಂದರು. ಅಂಗಡಿಯವರು, "ಮಾರಿದ ಮೇಲೆ ನಮ್ಮ ಜವಾಬ್ದಾರಿಯಿಲ್ಲ, ಕಂಪೆನಿಯನ್ನು ಕೇಳಿರಿ" ಎಂದರು. ಸಾಲದ ಕಂಪೆನಿ ಮಾತ್ರ ತಿಂಗಳ 5ನೆಯ ತಾರೀಖಿಗೆ ತಪ್ಪದೆ ಬ್ಯಾಂಕಿನ ಖಾತೆಯಿಂದ ಕಂತನ್ನು ಎಳೆದುಕೊಳ್ಳುತ್ತಿದೆ. ಫೋನು ಸತ್ತಿದೆ, ಸಾಲ ಬದುಕಿದೆ.

ಆಕೆ ಎರಡು ಪ್ರಶ್ನೆಗಳನ್ನು ಕೇಳಿರುವರು. "ಇನ್ನೂ ಪೂರ್ತಿ ಹಣ ತೀರಿಸದವಳಿಗೆ ನ್ಯಾಯ ಕೇಳುವ ಹಕ್ಕುಂಟೆ?" ಎಂಬುದು ಒಂದು. "ಕೆಟ್ಟ ಫೋನಿಗೆ ಕಂತು ಕಟ್ಟುವುದನ್ನು ನಿಲ್ಲಿಸಬಹುದೆ?" ಎಂಬುದು ಇನ್ನೊಂದು. ಮೊದಲನೆಯ ಪ್ರಶ್ನೆಗೆ, ಹಕ್ಕು ಪೂರ್ತಿಯಾಗಿ ಉಂಟೆಂಬುದು ನಮ್ಮ ಉತ್ತರ. ಎರಡನೆಯದಕ್ಕೆ, ಆತುರಪಟ್ಟು ನಿಲ್ಲಿಸಕೂಡದೆಂಬುದು ನಮ್ಮ ಉತ್ತರ. ಈ ಎರಡು ಉತ್ತರಗಳೂ ಒಂದಕ್ಕೊಂದು ವಿರುದ್ಧವಾಗಿ ತೋರಬಹುದು. ವಿಚಾರಿಸಿದರೆ ಎರಡಕ್ಕೂ ಕಾರಣ ಒಂದೇ.

ಮೊದಲು ಹಕ್ಕಿನ ಮಾತು. ನಮ್ಮ ದೇಶದಲ್ಲಿ 1986ರಲ್ಲಿ ಆದ ಗ್ರಾಹಕ ಸಂರಕ್ಷಣಾ ಕಾಯಿದೆಯ ಸ್ಥಾನದಲ್ಲಿ 2019ರ ಹೊಸ ಕಾಯಿದೆ ಬಂದು, 2020ನೆಯ ಇಸವಿ ಜುಲೈ ತಿಂಗಳಿನಿಂದ ಜಾರಿಯಲ್ಲಿದೆ. ಗ್ರಾಹಕನೆಂದರೆ ಯಾರು ಎಂಬುದನ್ನು ಅದರಲ್ಲಿ ವಿವರವಾಗಿ ಹೇಳಿದೆ. ಬೆಲೆಯನ್ನು ಪೂರ್ತಿ ಕೊಟ್ಟವನು, ಕೊಡುವೆನೆಂದು ಮಾತು ಕೊಟ್ಟವನು, ಸ್ವಲ್ಪ ಕೊಟ್ಟು ಸ್ವಲ್ಪಕ್ಕೆ ಮಾತು ಕೊಟ್ಟವನು, ಮುಂದೆ ತೀರಿಸುವ ಯಾವುದಾದರೊಂದು ಏರ್ಪಾಡಿನಲ್ಲಿ ಕೊಂಡವನು, ಇವರೆಲ್ಲರೂ ಸಮಾನವಾಗಿ ಗ್ರಾಹಕರೇ. ಅಷ್ಟೇ ಅಲ್ಲ, ಕೊಂಡವನ ಒಪ್ಪಿಗೆಯಿಂದ ವಸ್ತುವನ್ನು ಬಳಸುವವನೂ ಗ್ರಾಹಕನೇ. ಆದಕಾರಣ ತಂದೆ ಕೊಂಡ ಫೋನಿನ ವಿಷಯದಲ್ಲಿ ಮಗಳು ದೂರು ಕೊಡಬಹುದು. ವ್ಯಾಪಾರಕ್ಕಾಗಿ ಕೊಂಡವರಿಗೆ ಈ ಕಾಯಿದೆ ಸಲ್ಲದೆಂಬ ಮಾತು ನಿಜ. ಆದರೆ ಸ್ವಂತ ದುಡಿಮೆಯಿಂದ ಜೀವನೋಪಾಯ ಮಾಡತಕ್ಕವನು ಅದಕ್ಕಾಗಿಯೇ ಕೊಂಡ ವಸ್ತುವನ್ನು ಆ ನಿಷೇಧದಿಂದ ಹೊರಗಿಟ್ಟಿದೆ. ಹೊಲಿಗೆಯ ಗಿರಾಕಿಗಳೊಡನೆ ಮಾತನಾಡಲು ಫೋನನ್ನು ಬಳಸಿದ ಮಾತ್ರಕ್ಕೆ ನಮ್ಮ ವಾಚಕಿ ತಮ್ಮ ಹಕ್ಕನ್ನು ಕಳೆದುಕೊಂಡಿಲ್ಲ.

ಕೊಂಡ ವಸ್ತುವನ್ನು ಪರೀಕ್ಷಿಸಿ ನೋಡಿ ಹಿಂದಿರುಗಿಸುವ ಹಕ್ಕು ನಮ್ಮವರಿಗೆ ಹೊಸದೆಂದು ಯಾರೂ ತಿಳಿಯಬೇಕಾದುದಿಲ್ಲ. ಧರ್ಮಶಾಸ್ತ್ರದ ವ್ಯವಹಾರಕಾಂಡದಲ್ಲಿ ಕ್ರೀತಾನುಶಯವೆಂಬ ಪ್ರಕರಣವೇ ಇದೆ. ಕೊಂಡಮೇಲೆ ಮನಸ್ಸು ತಿರುಗಿದರೆ ಏನು ಮಾಡತಕ್ಕದ್ದೆಂಬುದು ಅದರ ವಿಷಯ. ಕೊಂಡದ್ದನ್ನಾಗಲಿ ಮಾರಿದ್ದನ್ನಾಗಲಿ ಹತ್ತು ದಿನದೊಳಗೆ ತಿರುಗಿಸಬಹುದೆಂದು ಮನುಸ್ಮೃತಿಯಲ್ಲಿ ಹೇಳಿದೆ. ಯಾಜ್ಞವಲ್ಕ್ಯ ಸ್ಮೃತಿ ಇನ್ನೂ ಸೂಕ್ಷ್ಮವಾಗಿ ಹೋಗಿ, ಪರೀಕ್ಷೆಗೆ ಬೀಜಕ್ಕೆ ಹತ್ತು ದಿನ, ಕಬ್ಬಿಣಕ್ಕೆ ಒಂದು ದಿನ, ಹೊರೆ ಎಳೆಯುವ ಪಶುವಿಗೆ ಐದು ದಿನ, ರತ್ನಕ್ಕೆ ಏಳು ದಿನ, ಕರೆಯುವ ಪಶುವಿಗೆ ಮೂರು ದಿನವೆಂದು ಬೇರೆ ಬೇರೆ ಅವಧಿಗಳನ್ನು ವಿಧಿಸಿದೆ. ಈ ಸ್ಮೃತಿಗೆ ಮಿತಾಕ್ಷರಾ ಎಂಬ ವ್ಯಾಖ್ಯಾನವನ್ನು ಬರೆದ ವಿಜ್ಞಾನೇಶ್ವರನು ನಮ್ಮ ಕಲ್ಯಾಣದಲ್ಲಿ, ಚಾಲುಕ್ಯ ಆರನೆಯ ವಿಕ್ರಮಾದಿತ್ಯನ ಕಾಲದಲ್ಲಿದ್ದವನೆಂಬುದನ್ನು ವಾಚಕರು ಬಲ್ಲರು. ಅವಧಿಗಳು ಬೇರೆ ಬೇರೆಯಾಗಿರುವುದನ್ನು ಗಮನಿಸಬೇಕು. ಬೀಜ ಮೊಳೆಯಬೇಕು, ಎತ್ತನ್ನು ನೊಗಕ್ಕೆ ಹೂಡಿ ನೋಡಬೇಕು, ಹಸುವನ್ನು ಕರೆದು ನೋಡಬೇಕು. ಕೆಲವು ದೋಷಗಳು ಅಂಗಡಿಯಲ್ಲಿ ಕಾಣುವುದಿಲ್ಲ, ಬಳಕೆಯಲ್ಲಿ ಕಾಣುತ್ತವೆ. ಮೊಬೈಲ್ ಫೋನು ಅಂತಹ ವಸ್ತುಗಳಲ್ಲೊಂದು. ಪೆಟ್ಟಿಗೆ ಬಿಚ್ಚಿದಾಗ ಕನ್ನಡಿಯಂತೆ ಹೊಳೆಯುವುದು. ಒಳಗಿನ ಬೆಸುಗೆಯ ಬಲಹೀನತೆ ಐವತ್ತನೆಯ ದಿನದಲ್ಲಿ ಗೊತ್ತಾಗುವುದು.

ಇನ್ನು ಕಂತಿನ ಮಾತು. ಕಂತಿನ ವ್ಯಾಪಾರದಲ್ಲಿ ಹೊರನೋಟಕ್ಕೆ ಒಂದೇ ವ್ಯವಹಾರ ಕಂಡರೂ ವಾಸ್ತವವಾಗಿ ಎರಡಿರುತ್ತವೆ. ಒಂದು ಕ್ರಯ, ಇನ್ನೊಂದು ಸಾಲ. ಸಾಲದ ಕಂಪೆನಿಯವರು ಗ್ರಾಹಕನ ಪರವಾಗಿ ಅಂಗಡಿಗೆ ಹಣ ಸಲ್ಲಿಸಿಬಿಡುತ್ತಾರೆ. ಅಂಗಡಿಯವನ ದೃಷ್ಟಿಯಿಂದ ಬೆಲೆ ಪೂರ್ತಿಯಾಗಿ ಮುಟ್ಟಿದೆ; ಆದುದರಿಂದ "ನೀವು ಇನ್ನೂ ಹಣ ತೀರಿಸಿಲ್ಲ" ಎಂದು ಅವನು ಹೇಳುವಂತಿಲ್ಲ. ಅದೇ ಕಾರಣದಿಂದ ಸಾಲ ಕೊಟ್ಟವನಿಗೂ, "ನಿನ್ನ ಫೋನು ಕೆಟ್ಟಿತು, ಕಂತು ಕೊಡೆನು" ಎಂದು ನಾವು ಹೇಳುವಂತಿಲ್ಲ. ಅವನು ಫೋನನ್ನು ಮಾರಿದವನಲ್ಲ. ನಮ್ಮ ಎರಡು ಉತ್ತರಗಳಿಗೂ ಇರುವ ಒಂದೇ ಕಾರಣ ಇದು.

ಕೋಪದಿಂದ ಕಂತನ್ನು ನಿಲ್ಲಿಸಿದರೆ ಏನಾಗುವುದೆಂಬುದನ್ನು ಮನೆಯವರೆಲ್ಲರೂ ತಿಳಿದಿರಬೇಕು. ದಂಡದ ಹಣ ಸೇರುವುದು. ಖಾತೆಯಲ್ಲಿ ಹಣವಿಲ್ಲದೆ ಕಂತು ಹಿಂದಿರುಗಿದರೆ ಬ್ಯಾಂಕಿನವರೂ ಶುಲ್ಕ ಹಿಡಿಯುವರು. ಸಾಲ ತೀರಿಸದವರೆಂದು ಸಾಲದ ಮಾಹಿತಿ ಸಂಸ್ಥೆಗಳ ದಫ್ತರದಲ್ಲಿ ಹೆಸರು ಏರುವುದು. ಮುಂದೆ ಮಗನ ಕಾಲೇಜಿಗೋ ಮನೆಗೋ ಸಾಲ ಬೇಕಾದಾಗ ಆ ಬರಹ ಅಡ್ಡ ನಿಲ್ಲುವುದು. ನ್ಯಾಯ ನಮ್ಮ ಕಡೆಗಿದ್ದರೂ ಬಾಕಿದಾರರೆಂಬ ಹೆಸರು ನಮಗೆ ಬಂದಿತೆಂದರೆ ಅದರ ಬಾಧೆ ಹೋಗುವುದಕ್ಕೆ ಬಹುಕಾಲ ಹಿಡಿಯುವುದು. ಸಾಲದ ಕಂಪೆನಿಯಿಲ್ಲದೆ ಅಂಗಡಿಯವನೇ ನಂಬಿಕೆಯ ಮೇಲೆ ಕಡ ಕೊಟ್ಟಿದ್ದರೆ ಮಾತು ಬೇರೆ. 1930ರ ಸರಕು ಮಾರಾಟ ಕಾಯಿದೆಯ ಪ್ರಕಾರ, ಮಾರಿದವನು ಕೊಟ್ಟ ಭರವಸೆ ಮುರಿದುದನ್ನು ತೋರಿಸಿ ಅವನಿಗೆ ಕೊಡಬೇಕಾದ ಬೆಲೆಯಲ್ಲಿ ಅದನ್ನು ಕಳೆದುಕೊಳ್ಳುವುದಕ್ಕೆ ಕೊಂಡವನಿಗೆ ಅವಕಾಶವುಂಟು.

ಈ ವಿಷಯದಲ್ಲಿ ಬ್ರಿಟನ್ನಿನ ಪದ್ಧತಿಯನ್ನು ಹೋಲಿಸಿ ನೋಡುವುದು ಉಪಯುಕ್ತ. ಅಲ್ಲಿ ಫೋನಿನ ಸೇವೆ ಒದಗಿಸುವ ಕಂಪೆನಿಯೇ ಫೋನನ್ನೂ ಕೊಟ್ಟು, ಎರಡಕ್ಕೂ ಸೇರಿಸಿ ತಿಂಗಳ ಹಣದ ಕರಾರು ಮಾಡಿಕೊಳ್ಳುವುದು ವಾಡಿಕೆಯಲ್ಲಿದೆ. ಅಲ್ಲಿಯ 2015ರ ಗ್ರಾಹಕ ಹಕ್ಕುಗಳ ಕಾಯಿದೆಯಂತೆ, ದೋಷವುಳ್ಳ ಸರಕನ್ನು 30 ದಿನದೊಳಗೆ ತಿರಸ್ಕರಿಸಿ ಹಣ ಕೇಳಬಹುದು. ಆಮೇಲೆ ಒಂದು ಸಾರಿ ರಿಪೇರಿಯೋ ಬದಲಿಯೋ ಆಗಿ ಗುಣ ಕಾಣದಿದ್ದರೆ ಆಗಲೂ ತಿರಸ್ಕರಿಸಬಹುದು. ಮೊದಲ ಆರು ತಿಂಗಳಲ್ಲಿ ಕಂಡ ದೋಷ ಕೊಟ್ಟಾಗಲೇ ಇತ್ತೆಂದು ಸಾಮಾನ್ಯವಾಗಿ ಭಾವಿಸತಕ್ಕದ್ದು, ಅಲ್ಲವೆಂದು ತೋರಿಸುವ ಹೊರೆ ಮಾರಿದವನದು. ಇದಲ್ಲದೆ ಮಾರಾಟಗಾರನೊಡನೆ ಏರ್ಪಾಡು ಮಾಡಿಕೊಂಡು ಸಾಲ ಕೊಟ್ಟವನನ್ನೂ, ವಸ್ತುವಿನ ಬೆಲೆ 100 ಪೌಂಡಿಗೆ ಮೇಲ್ಪಟ್ಟು 30,000 ಪೌಂಡನ್ನು ಮೀರದಿದ್ದರೆ, ಮಾರಿದವನೊಡನೆ ಸಮಾನವಾಗಿ ಹೊಣೆಮಾಡುವ ವಿಧಿ ಅಲ್ಲಿಯ 1974ರ ಸಾಲದ ಕಾಯಿದೆಯಲ್ಲಿದೆ. ನಮ್ಮ ಕಾಯಿದೆಯಲ್ಲಿ ಇಂತಹ ಭಾವನೆಯ ವಿಧಿಯೂ ಇಲ್ಲ, ಸಾಲ ಕೊಟ್ಟವನ ಜಂಟಿ ಹೊಣೆಯ ವಿಧಿಯೂ ಇಲ್ಲ. ಅಲ್ಲಿರುವ ಬಂಧುಗಳು ಹೇಳಿದ್ದನ್ನು ಕೇಳಿ ಇಲ್ಲಿ ಕಂತು ನಿಲ್ಲಿಸುವವರು ಇದನ್ನು ನೆನಪಿಡಬೇಕು. ದೋಷವನ್ನು ತೋರಿಸುವ ಭಾರ ಇಲ್ಲಿ ಬಹುಮಟ್ಟಿಗೆ ನಮ್ಮ ಮೇಲಿರುವುದರಿಂದ, ಕಾಗದಪತ್ರಗಳನ್ನು ಜೋಪಾನವಾಗಿಡುವುದೇ ನಮ್ಮ ಬಲ.

ಹಾಗಾದರೆ ಏನು ಮಾಡತಕ್ಕದ್ದು? ಕೊಳ್ಳುವ ದಿನದಿಂದಲೇ ಆರಂಭಿಸೋಣ. ಬಿಲ್ಲನ್ನು ಕೇಳಿ ಪಡೆಯಬೇಕು. ಬಿಲ್ಲು ಕೊಡದಿರುವುದು ಕಾಯಿದೆಯ ಪ್ರಕಾರ ಅನುಚಿತ ವ್ಯಾಪಾರ ಪದ್ಧತಿ. ಪ್ರತಿಯೊಂದು ಫೋನಿಗೂ 15 ಅಂಕಿಗಳ ಐ.ಎಂ.ಇ.ಐ. ಸಂಖ್ಯೆಯಿರುವುದು, ನಕ್ಷತ್ರ, ಹ್ಯಾಷ್, ಸೊನ್ನೆ, ಆರು, ಹ್ಯಾಷ್ ಎಂದು ಒತ್ತಿದರೆ ಅದು ಪರದೆಯ ಮೇಲೆ ಬರುವುದು. ಬಿಲ್ಲು, ಪೆಟ್ಟಿಗೆ, ಫೋನು ಈ ಮೂರರಲ್ಲಿಯೂ ಒಂದೇ ಸಂಖ್ಯೆಯಿದೆಯೆ ಎಂದು ನೋಡಿಕೊಳ್ಳಬೇಕು. ಸಾಲದ ಮುಖ್ಯಾಂಶಗಳ ಪತ್ರವನ್ನು ಓದಿ ಒಂದು ಪ್ರತಿಯನ್ನು ಇಟ್ಟುಕೊಳ್ಳಬೇಕು. ಬಡ್ಡಿ, ಶುಲ್ಕ, ಕೇಳದೆಯೇ ಸೇರಿಸಿದ ವಿಮೆಯ ಹಣ ಎಲ್ಲವೂ ಅದರಲ್ಲಿ ಕಾಣಬೇಕು. ಬಡ್ಡಿಯೇ ಇಲ್ಲದ ಕಂತೆಂಬ ಜಾಹೀರಾತಿಗೆ ಮರುಳಾಗಬಾರದು. ಸೊನ್ನೆ ಬಡ್ಡಿಯೆಂಬುದೇ ಇಲ್ಲವೆಂದು ರಿಸರ್ವ್ ಬ್ಯಾಂಕಿನವರು 2013ರಲ್ಲಿಯೇ ಹೇಳಿರುವರು. ಮೊಬೈಲಿನ ಮೂಲಕ ಬರೆದುಕೊಡುವ ಸಾಲಗಳಲ್ಲಿ, ಅಸಲನ್ನೂ ಕಳೆದ ದಿನಗಳ ಬಡ್ಡಿಯನ್ನೂ ಕೊಟ್ಟು ದಂಡವಿಲ್ಲದೆ ಸಾಲದಿಂದ ಹೊರಬರುವುದಕ್ಕೆ ಮೊದಲಲ್ಲಿ ಸ್ವಲ್ಪ ಅವಧಿಯನ್ನು ಕೊಡಲೇಬೇಕೆಂಬ ನಿಯಮವೂ ಉಂಟು. ಎಷ್ಟು ದಿನವೆಂಬುದನ್ನು ಆ ಪತ್ರದಲ್ಲಿ ಬರೆದಿರಬೇಕು. ಪೆಟ್ಟಿಗೆ ಬಿಚ್ಚಿದ ದಿನವೇ ದೋಷ ಕಂಡರೆ ಇದು ಕೆಲಸಕ್ಕೆ ಬರುವುದು.

ಫೋನು ಕೆಟ್ಟ ಕೂಡಲೆ ಅಂಗಡಿಗೂ ತಯಾರಕರಿಗೂ ಬರಹದಲ್ಲಿ ತಿಳಿಸಬೇಕು. ಬಾಯಿಮಾತು ಗಾಳಿಯ ಪಾಲು. ಬಿಲ್ಲಿನಲ್ಲಿ ಅವಧಿಯನ್ನು ಹೇಳಿದ್ದರೆ ಅದರೊಳಗೆ, ಹೇಳದಿದ್ದರೆ 30 ದಿನದೊಳಗೆ, ದೋಷವುಳ್ಳ ಸರಕನ್ನು ಹಿಂದಕ್ಕೆ ಪಡೆದು ಹಣ ಕೊಡಲು ನಿರಾಕರಿಸುವುದು ಅನುಚಿತ ವ್ಯಾಪಾರ ಪದ್ಧತಿಯೆಂದು ಕಾಯಿದೆಯಲ್ಲಿದೆ. "ಮಾರಿದ ಸರಕನ್ನು ವಾಪಸು ತೆಗೆದುಕೊಳ್ಳುವುದಿಲ್ಲ" ಎಂದು ಗೋಡೆಯ ಮೇಲೆ ಬರೆಸಿದ ಮಾತ್ರಕ್ಕೆ ಕಾಯಿದೆ ಅಳಿಸಿಹೋಗದು. ನಮ್ಮ ವಾಚಕಿಯ ವಿಷಯದಲ್ಲಿರುವಂತೆ 30 ದಿನ ಕಳೆದಮೇಲೆ ದೋಷ ಕಂಡರೂ ದೂರಿನ ಹಕ್ಕು ಹೋಗುವುದಿಲ್ಲ. ದೂರಿಗೆ ಕಾರಣ ಹುಟ್ಟಿದಂದಿನಿಂದ 2 ವರ್ಷದವರೆಗೆ ಕಾಲವುಂಟು. ಅಂತರ್ಜಾಲದ ಅಂಗಡಿಯಲ್ಲಿ ಕೊಂಡಿದ್ದರೆ, 2020ರ ನಿಯಮಗಳಂತೆ ಅವರ ಕುಂದುಕೊರತೆಯ ಅಧಿಕಾರಿ 48 ಗಂಟೆಯೊಳಗೆ ದೂರು ಮುಟ್ಟಿತೆಂದು ತಿಳಿಸಿ, ಒಂದು ತಿಂಗಳೊಳಗೆ ಪರಿಹಾರ ಮಾಡತಕ್ಕದ್ದು.

ರಿಪೇರಿಗೆ ಕೊಡುವಾಗ ಕೇಂದ್ರದವರಿಂದ ಜಾಬ್ ಶೀಟ್ ಎಂಬ ಚೀಟಿಯನ್ನು ಪ್ರತಿಸಾರಿಯೂ ಪಡೆಯಬೇಕು. ಕೊಟ್ಟ ತಾರೀಖು, ಹೇಳಿದ ದೋಷ, ಫೋನಿನ ಹೊರಗಿನ ಸ್ಥಿತಿ ಇವು ಅದರಲ್ಲಿರಬೇಕು. ಒಂದೇ ದೋಷಕ್ಕೆ ಮೂರು ಚೀಟಿಗಳಿದ್ದರೆ, ಆ ಮೂರೂ ಸೇರಿ ನಮ್ಮ ಪರವಾಗಿ ಸಾಕ್ಷಿ ನುಡಿಯುವುವು. ಕೊಡುವ ಮುನ್ನ ಫೋನಿನ ಚಿತ್ರ ತೆಗೆದಿಟ್ಟು, ಸಾಧ್ಯವಾದರೆ ಒಳಗಿನ ಸ್ವಂತ ವಿಷಯಗಳನ್ನು ಬೇರೆಡೆಗೆ ನಕಲು ಮಾಡಿಕೊಂಡು ಅಳಿಸುವುದು ವಿವೇಕ. ನೀರು ಹೋಗಿದೆಯೆಂಬ ಆಕ್ಷೇಪಣೆಯ ವಿಷಯವನ್ನೂ ಹೇಳಬೇಕು. ಅನೇಕ ಫೋನುಗಳೊಳಗೆ ತೇವ ತಾಕಿದರೆ ಬಿಳುಪಿನಿಂದ ಕೆಂಪಿಗೆ ತಿರುಗುವ ಸಣ್ಣ ಚೀಟಿಯೊಂದನ್ನು ಅಂಟಿಸಿರುವರು. ಅದು ಕೆಂಪಾಗಿದೆಯೆಂದರೆ ಅದನ್ನು ಕಣ್ಣೆದುರಿಗೆ ತೋರಿಸುವಂತೆಯೂ, ನಿರಾಕರಣೆಯ ಕಾರಣವನ್ನು ಬರೆದು ರುಜು ಹಾಕಿಕೊಡುವಂತೆಯೂ ಕೇಳಬೇಕು. ತೇವ ತಾಕಿತೆಂಬುದು ಬೇರೆ, ತೇವದಿಂದಲೇ ಪರದೆ ಕೆಟ್ಟಿತೆಂಬುದು ಬೇರೆ. ಮೊದಲ ಎರಡು ಸಾರಿಯ ಚೀಟಿಗಳಲ್ಲಿ ನೀರಿನ ಮಾತೇ ಇಲ್ಲದಿದ್ದರೆ, ಮೂರನೆಯ ಸಾರಿ ಬಂದ ನೀರು ಎಲ್ಲಿಯದೆಂದು ಕೇಳುವುದಕ್ಕೆ ನಮ್ಮ ವಾಚಕಿಗೆ ನ್ಯಾಯವಾದ ಅವಕಾಶವಿದೆ. ಆದರೆ ಕೊಡದಲ್ಲಿ ಬಿದ್ದ ಫೋನನ್ನು ಒರಸಿ ತಂದು ದೋಷವೆನ್ನುವುದು ಧರ್ಮವಲ್ಲ. ಅದು ನಿಲ್ಲುವುದೂ ಇಲ್ಲ.

ಇಷ್ಟಕ್ಕೂ ಉತ್ತರ ಬಾರದಿದ್ದರೆ ರಾಷ್ಟ್ರೀಯ ಗ್ರಾಹಕ ಸಹಾಯವಾಣಿಯ 1915 ಎಂಬ ಸಂಖ್ಯೆಗೆ ಫೋನು ಮಾಡಿ ದೂರನ್ನು ಬರೆಯಿಸಬಹುದು. ಅದು ನ್ಯಾಯಸ್ಥಾನವಲ್ಲ, ಆದರೆ ಅಲ್ಲಿಂದ ಕಂಪೆನಿಗೆ ದೂರು ಹೋದಮೇಲೆ ಎಷ್ಟೋ ವ್ಯಾಜ್ಯಗಳು ಅಷ್ಟಕ್ಕೇ ತೀರುತ್ತವೆ. ಸಾಲದ ಕಂಪೆನಿಯವರದೇ ತಪ್ಪಿದ್ದರೆ, ಅಂದರೆ ಹೇಳದ ಶುಲ್ಕ ಹಿಡಿದಿದ್ದರೆ, ಮೊದಲು ಅವರಿಗೇ ಬರೆದು, 30 ದಿನದಲ್ಲಿ ಸಮಾಧಾನವಾಗದಿದ್ದರೆ ರಿಸರ್ವ್ ಬ್ಯಾಂಕಿನ ಓಂಬುಡ್ಸ್‌ಮನ್ನರಿಗೆ ದೂರು ಕೊಡಬಹುದು.

ಕಡೆಯದಾಗಿ ಜಿಲ್ಲಾ ಗ್ರಾಹಕರ ವ್ಯಾಜ್ಯಗಳ ಪರಿಹಾರ ಆಯೋಗ. ಕಂಪೆನಿಯ ಕಚೇರಿ ದೆಹಲಿಯಲ್ಲಿದ್ದರೂ ಚಿಂತೆಯಿಲ್ಲ. ಹೊಸ ಕಾಯಿದೆಯಂತೆ ದೂರುದಾರನು ತಾನು ವಾಸಮಾಡುವ ಅಥವಾ ಕೆಲಸಮಾಡುವ ಜಿಲ್ಲೆಯಲ್ಲಿಯೇ ದೂರು ಕೊಡಬಹುದು. ನಮ್ಮ ವಾಚಕಿ ಹಾಸನದಲ್ಲಿಯೇ ಕೊಡಬಹುದು. ಕೊಟ್ಟ ಬೆಲೆ 5 ಲಕ್ಷ ರೂಪಾಯಿವರೆಗಿದ್ದರೆ ಶುಲ್ಕವಿಲ್ಲ. ವಕೀಲರನ್ನಿಡಲೇಬೇಕೆಂಬ ನಿಯಮವಿಲ್ಲ. ಅಂಗಡಿಯವನು, ತಯಾರಕನು, ರಿಪೇರಿ ಕೇಂದ್ರ ಈ ಮೂವರನ್ನೂ ಎದುರು ಪಕ್ಷದವರನ್ನಾಗಿ ಹೆಸರಿಸುವುದು ಒಳ್ಳೆಯದು. ಇಲ್ಲವಾದರೆ ಒಬ್ಬನು ಇನ್ನೊಬ್ಬನ ಕಡೆಗೆ ಬೆರಳು ತೋರಿಸಿ ತಪ್ಪಿಸಿಕೊಳ್ಳುವನು. ದೂರನ್ನು ಅಂಗೀಕರಿಸುವುದೋ ಬಿಡುವುದೋ ಎಂಬುದನ್ನು ಸಾಮಾನ್ಯವಾಗಿ 21 ದಿನದಲ್ಲಿ ತೀರ್ಮಾನಿಸತಕ್ಕದ್ದು. ಎದುರು ಪಕ್ಷದವರಿಗೆ ಉತ್ತರಕ್ಕೆ 30 ದಿನ, ಹೆಚ್ಚೆಂದರೆ ಇನ್ನು 15 ದಿನ. ದೋಷವನ್ನು ಪರೀಕ್ಷಿಸದೆ ಹೇಳಲಾಗದಿದ್ದರೆ ಆಯೋಗವು ವಸ್ತುವನ್ನು ಮುದ್ರೆಮಾಡಿ ಪರೀಕ್ಷಾಲಯಕ್ಕೆ ಕಳುಹಿಸಬಹುದು. ಅದರ ಖರ್ಚನ್ನು ಮೊದಲು ದೂರುದಾರನು ಕಟ್ಟಬೇಕಾಗುವುದು. ಪರೀಕ್ಷೆ ಬೇಡದ ವ್ಯಾಜ್ಯಕ್ಕೆ 3 ತಿಂಗಳು, ಪರೀಕ್ಷೆ ಬೇಕಾದದ್ದಕ್ಕೆ 5 ತಿಂಗಳೆಂದು ಅವಧಿಯನ್ನು ಹೇಳಿದೆ. ಆ ಅವಧಿಯಲ್ಲಿಯೇ ಎಲ್ಲವೂ ಮುಗಿಯುವುದೆಂದು ನಾವು ಭರವಸೆ ಕೊಡಲಾರೆವು. ತಾರೀಖುಗಳು ಮುಂದಕ್ಕೆ ಹೋಗುವುದುಂಟು. ದೂರ ಓಡಾಡಲಾರದವರು ಬೇಡಿಕೊಂಡರೆ ದೂರದೃಶ್ಯದ ಮೂಲಕ ವಿಚಾರಣೆ ನಡಸುವುದಕ್ಕೂ ಕಾಯಿದೆಯಲ್ಲಿ ಅವಕಾಶವಿದೆ.

ಆಯೋಗಕ್ಕೆ ಮನವರಿಕೆಯಾದರೆ ದೋಷವನ್ನು ಸರಿಪಡಿಸಿಕೊಡುವಂತೆಯೋ, ದೋಷವಿಲ್ಲದ ಹೊಸ ವಸ್ತುವನ್ನು ಕೊಡುವಂತೆಯೋ, ಬೆಲೆಯನ್ನು ಬಡ್ಡಿಸಹಿತ ಹಿಂದಿರುಗಿಸುವಂತೆಯೋ, ನಷ್ಟ ತುಂಬಿಕೊಡುವಂತೆಯೋ ಆಜ್ಞೆ ಮಾಡಬಹುದು. ಕಂತಿನವರು ಇಲ್ಲಿ ಒಂದು ಮಾತನ್ನು ಮರೆಯಕೂಡದು. ಬೆಲೆಯನ್ನು ಮಾತ್ರ ಕೇಳಿದರೆ ಸಾಲಕ್ಕೆ ತೆತ್ತ ಬಡ್ಡಿಯೂ ಶುಲ್ಕವೂ ನಮ್ಮ ತಲೆಯ ಮೇಲೆಯೇ ಉಳಿಯುವುವು; ಆದುದರಿಂದ ಕಟ್ಟಿದ ಕಂತುಗಳ ಲೆಕ್ಕವನ್ನು ಜೊತೆಗಿಟ್ಟು, ಅವುಗಳನ್ನು ನಷ್ಟದ ಬಾಬ್ತಿನಲ್ಲಿ ಬೇರೆಯಾಗಿ ಕೇಳಬೇಕು. ಅಂಗಡಿಯವನೇ ರಾಜಿಯಾಗಿ ಹಣ ಹಿಂದಿರುಗಿಸಿದರೂ, ಆ ಹಣ ಸಾಲದ ಖಾತೆಗೆ ಜಮೆಯಾಯಿತೆ, ಸಾಲ ಮುಕ್ತಾಯವಾಯಿತೆಂಬ ಪತ್ರ ಬಂದಿತೆ ಎಂಬುದನ್ನು ನೋಡಿಯೇ ಫೋನನ್ನು ಬಿಟ್ಟುಕೊಡಬೇಕು. ಫೋನೂ ಹೋಗಿ ಕಂತೂ ಉಳಿಯುವ ದುರವಸ್ಥೆಗೆ ಅವಕಾಶ ಕೊಡಬಾರದು.

ಹದಿನೆಂಟು ಸಾವಿರಕ್ಕೆ ಇಷ್ಟು ತೊಂದರೆಯೇಕೆಂದು ಕೆಲವರು ಕೇಳಬಹುದು. ಉಳ್ಳವರು ಹಾಗೆ ಕೇಳಿ ಇನ್ನೊಂದನ್ನು ಕೊಂಡುಬಿಡುವರು. ಹೊಲಿಗೆಯಿಂದ ತಿಂಗಳಿಗೆ 1,500 ರೂಪಾಯಿ ಉಳಿಸಿ ಕಟ್ಟುವ ಮನೆಯಲ್ಲಿ ಆ ಹಣ ಹಾಲು, ಅಕ್ಕಿ, ಮಗನ ಪುಸ್ತಕದಿಂದ ಕಡಿತವಾದದ್ದು. ಪಡಿತರ, ಪಿಂಚಣಿ, ಬ್ಯಾಂಕು, ಶಾಲೆ ಎಲ್ಲವೂ ಆ ಅಂಗೈಯಗಲದ ಗಾಜಿನ ಮೂಲಕವೇ ನಡೆಯಬೇಕಾಗಿರುವ ಈ ಕಾಲದಲ್ಲಿ ಅದು ಸುಮ್ಮನಾದರೆ ಮನೆಯ ಅರ್ಧ ಕೆಲಸ ನಿಲ್ಲುವುದು. ವಾಚಕಿಗೆ ನಾವು ಹೇಳುವುದಿಷ್ಟೆ: ತಾಯಿ, ಈ ತಿಂಗಳ ಕಂತನ್ನು ಕಟ್ಟಿರಿ; ಮೂರು ಚೀಟಿಗಳನ್ನೂ ಬಿಲ್ಲನ್ನೂ ಒಂದು ಲಕೋಟೆಯಲ್ಲಿ ಸೇರಿಸಿರಿ; ಅಂಗಡಿಗೂ ಕಂಪೆನಿಗೂ ಸ್ಪೀಡ್ ಪೋಸ್ಟ್ ಅಂಚೆಯಲ್ಲಿ ಕಾಗದ ಬರೆದು ಹದಿನೈದು ದಿನದ ಗಡುವು ಕೊಡಿರಿ; ಬಳಿಕ ಆಯೋಗಕ್ಕೆ ಹೋಗಿರಿ. ಕಾಗದವನ್ನು ಮಗನ ಕೈಯಲ್ಲಿಯೇ ಬರೆಸಿದರೆ ಇನ್ನೂ ಒಳ್ಳೆಯದು. ಕೊಟ್ಟ ಹಣಕ್ಕೆ ತಕ್ಕ ವಸ್ತುವನ್ನು ಮರ್ಯಾದೆಯಿಂದ ಕೇಳುವ ಕ್ರಮವನ್ನು ಅವನೂ ಕಲಿಯಬೇಕಾಗಿದೆ.

ಈ ಪತ್ರಿಕೆಯನ್ನು ಅಂಗಡಿಯವರೂ ಓದುವರೆಂದು ಬಲ್ಲೆವು. ಅವರಿಗೂ ಒಂದು ಮಾತು. ತಯಾರಕನ ತಪ್ಪಿಗೆ ನೀವು ಬೈಸಿಕೊಳ್ಳುವುದು ನಿಮಗೆ ಕಷ್ಟವೇ ಸರಿ. ಆದರೆ ಗಿರಾಕಿ ತಯಾರಕನ ಮುಖವನ್ನು ಕಂಡವನಲ್ಲ. ನಿಮ್ಮ ಮುಖ ನೋಡಿ ಕೊಂಡವನು. ಅವನ ಜೊತೆಗೆ ನಿಂತು ಕಂಪೆನಿಗೆ ನೀವೂ ಒಂದು ಕಾಗದ ಬರೆದರೆ ಅವನು ಮುಂದಿನ ಸಾರಿಯೂ ನಿಮ್ಮ ಅಂಗಡಿಯ ಮೆಟ್ಟಿಲನ್ನೇ ಹತ್ತುವನು.